ಮಾಸ್ತರನಾಗಿಯೋ, ಅಜ್ಜನಾಗಿಯೋ?

ಸ್ಮರಣ ಸಂಚಿಕೆಗಾಗಿ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಅಪೇಕ್ಷಿಸಿದಾಗ, ಹಳೆಯ ನೆನಪುಗಳನ್ನು ನಾಲ್ಕು ಪುಟಗಳಲ್ಲಿ ಪೋಣಿಸಿ ಕಳುಹಿಸಿದರೆ ನನ್ನ ಕರ್ತವ್ಯ ತೀರಿತೆಂದು ಭಾವಿಸಿದ್ದೆ. 1976ರಿಂದ 2012ರ ವರೆಗೆ ಮೂವತ್ತಾರು ವರ್ಷ ಶ್ರೀಮಠದ ಈ ಶಾಲೆಯಲ್ಲಿ ಗಣಿತವನ್ನು ಬೋಧಿಸಿದವನಿಗೆ ನೆನಪುಗಳ ಬರವೆಲ್ಲಿಯದು? ಆದರೆ ಕಾಗದವನ್ನು ಮುಂದಿಟ್ಟುಕೊಂಡು ಕುಳಿತಾಗ ಹಳೆಯದೊಂದೂ ಕೈಗೆ ಬರಲಿಲ್ಲ. 2025ರ ಬೇಸಿಗೆಯಲ್ಲಿ ನಮ್ಮೂರು ಯರಗುಪ್ಪಿಯಲ್ಲಿ, ಅದರಲ್ಲಿಯೂ ನನ್ನ ಮನೆಯ ಪಡಸಾಲೆಯಲ್ಲಿಯೇ ನಡೆದ ಮಾತುಕತೆಯೊಂದು ಮನಸ್ಸನ್ನು ಹಿಡಿದು ಕುಳಿತಿದೆ. ಅದನ್ನೇ ಬರೆಯುತ್ತಿದ್ದೇನೆ. ಸಂಚಿಕೆಯ ಸಂಭ್ರಮಕ್ಕೆ ಇದು ಒಪ್ಪುವುದೋ ಇಲ್ಲವೋ, ಸಂಪಾದಕರೇ ನಿರ್ಣಯಿಸಲಿ.

ಏಪ್ರಿಲ್ ತಿಂಗಳ ನಡುವಿನ ದಿನಗಳು. ಶಾಲೆಯ ತರುಣ ಶಿಕ್ಷಕರಿಬ್ಬರು ಆರನೆಯ ತರಗತಿಗೆ ಮಕ್ಕಳನ್ನು ಕೂಡಿಸಲು ನಮ್ಮೂರಿಗೆ ಬಂದಿದ್ದರು. ನಾವು ಸೇವೆಗೆ ಸೇರಿದ ಕಾಲದಲ್ಲಿ ತಂದೆತಾಯಿಗಳು ಮಕ್ಕಳ ಕೈಹಿಡಿದು ಶಾಲೆಯ ಬಾಗಿಲಿಗೆ ಬರುತ್ತಿದ್ದರು. ಈಗ ಶಾಲೆಯೇ ಮನೆಯ ಬಾಗಿಲಿಗೆ ಹೋಗಬೇಕಾಗಿದೆ. ಊರಿನವರ ಪರಿಚಯ ನಿಮಗಿದೆ, ಜೊತೆಗೆ ಬನ್ನಿರೆಂದು ಅವರು ಕೇಳಿಕೊಂಡುದರಿಂದ ನಾನೂ ಕೊಡೆ ಹಿಡಿದು ಹೊರಟೆ. ಎರೆಯ ಹೊಲಗಳು ಆಳುದ್ದ ಬಿರಿದು ಬಾಯ್ದೆರೆದಿದ್ದವು. ಜನರೆಲ್ಲ ಮನೆಯೊಳಗಿದ್ದರು. ನಾಲ್ಕಾರು ಮನೆಗಳನ್ನು ತಿರುಗಿ ಒಬ್ಬ ರೈತರ ಮನೆಗೆ ಹೋದೆವು. ಅವರೂ ನನ್ನ ವಿದ್ಯಾರ್ಥಿಯೇ. ಕಂಬಳಿ ಹಾಸಿ ಕೂಡಿಸಿದರು, ಚಹ ಕೊಟ್ಟರು, ತರುಣ ಶಿಕ್ಷಕರು ಹೇಳಿದುದನ್ನೆಲ್ಲ ತಲೆಯಾಡಿಸುತ್ತ ಕೇಳಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆಗೆ ತಿರುಗಿ ಬಹು ಮರ್ಯಾದೆಯಿಂದ, "ಎಲ್ಲಾ ಖರೇರಿ ಸರ. ನಿಮ್ಮ ಮೊಮ್ಮಗಳನ್ನ ಈ ಸಲ ಎಲ್ಲಿಗೆ ಹಾಕ್ತೀರ್ರಿ?" ಎಂದು ಕೇಳಿದರು.

ಅದರಲ್ಲಿ ವ್ಯಂಗ್ಯವಿರಲಿಲ್ಲ. ನಾನು ಹಾಕಿದಲ್ಲಿ ತಾನೂ ಹಾಕಬೇಕೆಂಬುದಷ್ಟೇ ಆತನ ಎಣಿಕೆ. "ಇನ್ನೂ ವಿಚಾರ ನಡದೈತಿ" ಎಂದು ನಾನು ಹೇಳಿದೆ. ಆ ಉತ್ತರ ಸುಳ್ಳಾಗಿರಲಿಲ್ಲ. ಆದರೂ ಮನೆಗೆ ಬರುವ ದಾರಿಯುದ್ದಕ್ಕೂ ಅದು ನನ್ನ ಗಂಟಲಲ್ಲಿಯೇ ಇತ್ತು.

ಏಕೆಂದರೆ ಇಂತಹ ಪ್ರಶ್ನೆಗೆ ನಾನು ಒಮ್ಮೆ ಮೈಗಳ್ಳತನದ ಉತ್ತರ ಕೊಟ್ಟವನು. 1991ರಲ್ಲಿ, ಈ ಶಾಲೆಯ ತರಗತಿಗಳು ತುಂಬಿ ತುಳುಕುತ್ತಿದ್ದಾಗ, ಕನ್ನಡದಲ್ಲಿ ಕಲಿತರೆ ಗಣಿತ ಹೇಗೆ ತಲೆಗೆ ಹತ್ತುತ್ತದೆಂದು ಪಾಲಕರ ಸಭೆಗಳಲ್ಲಿ ನಾನು ಭಾಷಣ ಮಾಡುತ್ತಿದ್ದಾಗಲೇ, ನನ್ನ ಮಗನನ್ನು ಹುಬ್ಬಳ್ಳಿಯ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆ. ಹನ್ನೊಂದು ವರ್ಷದ ಹುಡುಗ. ಸಂಬಂಧಿಕರ ಮನೆಯಲ್ಲಿ ಇಟ್ಟೆ. ಅಂದಿನ ಮುಖ್ಯೋಪಾಧ್ಯಾಯರು ನನ್ನನ್ನು ಏನೂ ಕೇಳಲಿಲ್ಲ. ಆ ವರ್ಷ ನಮ್ಮ ಶಾಲೆಯ ಇನ್ನೂ ಮೂವರು ಶಿಕ್ಷಕರು ತಮ್ಮ ಮಕ್ಕಳ ವರ್ಗಾವಣೆ ಪ್ರಮಾಣಪತ್ರಗಳನ್ನು ಒಯ್ದರು. ನನ್ನನ್ನು ನೋಡಿ ಒಯ್ದರೆಂದು ಹೇಳಲಾರೆ, ನನ್ನನ್ನು ನೋಡದೆ ಒಯ್ದರೆಂದೂ ಹೇಳಲಾರೆ.

ಮಗ ಮುಂದೆ ಬಿ.ಎಸ್‌ಸಿ. ಮುಗಿಸಿ, ಕೆಲವು ವರ್ಷ ಬೆಂಗಳೂರಿನಲ್ಲಿದ್ದು, ಮರಳಿ ಬಂದು ಹೊಲ ನೋಡಿಕೊಂಡಿದ್ದಾನೆ. ಹತ್ತಿ, ಹೆಸರು, ಮೆಣಸಿನಕಾಯಿ ಬೆಳೆಯುತ್ತಾನೆ. ಅವನ ಮಗಳು ಊರ ಸರಕಾರಿ ಶಾಲೆಯಲ್ಲಿ ಐದನೆಯ ತರಗತಿಯನ್ನು ಮುಗಿಸಿದ್ದಳು. ಮುಂದೆ ಎಲ್ಲಿಗೆ ಎಂಬುದು ನಮ್ಮ ಮನೆಯ ವಿಚಾರವಾಗಿತ್ತು.

ನಮ್ಮ ಕಾಲದಲ್ಲಿ ಈ ವಿಚಾರಕ್ಕೆ ಎರಡೇ ದಾರಿ. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾದರೆ ಮುಂದಿನ ಹೈಸ್ಕೂಲು, ನಾಪಾಸಾದರೆ ಹೊಲ. ನಮ್ಮ ತಂದೆಯವರು ಮುಲ್ಕಿ ಪರೀಕ್ಷೆ ಪಾಸಾದುದನ್ನೇ ಊರು ದೊಡ್ಡದೆಂದು ತಿಳಿದಿತ್ತು. ಈಗ ಹನ್ನೊಂದು ವರ್ಷದ ಮಗುವಿನ ಮುಂದೆ ಆರು ದಾರಿಗಳು ತೆರೆದಿವೆ, ಪ್ರತಿಯೊಂದು ದಾರಿಗೂ ಒಂದು ಅರ್ಜಿ, ಒಂದು ಪರೀಕ್ಷೆ, ಒಂದು ಕೊನೆಯ ದಿನಾಂಕವಿದೆ. ಓದುಗರಲ್ಲಿ ಅನೇಕರು ಇವನ್ನು ಬಲ್ಲರಾದರೂ, ದೂರದ ಊರುಗಳಲ್ಲಿ ನೆಲೆಸಿದ ನಮ್ಮ ಹಳೆಯ ವಿದ್ಯಾರ್ಥಿಗಳಿಗಾಗಿ ತುಸು ವಿವರಿಸುತ್ತೇನೆ.

ಎಲ್ಲರ ಕಣ್ಣೂ ಮೊದಲು ಹೋಗುವುದು ನವೋದಯದ ಕಡೆಗೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ಹುಟ್ಟಿದ ಈ ವಿದ್ಯಾಲಯಗಳಲ್ಲಿ ನಮ್ಮ ಜಿಲ್ಲೆಯದು ಧಾರವಾಡದ ಹತ್ತಿರ ಕ್ಯಾರಕೊಪ್ಪದಲ್ಲಿದೆ. ಆರನೆಯ ತರಗತಿಗೆ ಹೆಚ್ಚೆಂದರೆ 80 ಮಕ್ಕಳು. ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಹಳ್ಳಿಗಾಡಿನವರು, ಮೂರರಲ್ಲೊಂದು ಪಾಲು ಹುಡುಗಿಯರು. ಊಟ, ವಸತಿ, ಪುಸ್ತಕ ಎಲ್ಲವೂ ಅಲ್ಲಿಯೇ. ಎರಡು ಗಂಟೆಗಳ ಒಂದು ಪರೀಕ್ಷೆ, 80 ಪ್ರಶ್ನೆಗಳು, ಒಂದೇ ಸಲ. ಎರಡನೆಯ ಬಾರಿ ಬರೆಯುವಂತಿಲ್ಲ. ಹಳ್ಳಿಯ ಮಗುವಿಗೆ ಅಂತಹ ಬಾಗಿಲು ತೆರೆದವರನ್ನು ನಾನು ಮನಸಾರೆ ನೆನೆಯುತ್ತೇನೆ. ಆದರೆ ಜಿಲ್ಲೆಗೆಲ್ಲ 80 ಸ್ಥಾನಗಳೆಂಬುದನ್ನು ಮರೆತು, ಮೂರನೆಯ ತರಗತಿಯಿಂದಲೇ ಮಕ್ಕಳನ್ನು ತರಬೇತಿಗೆ ಕಳುಹಿಸಿ, ಫಲಿತಾಂಶ ಬಂದ ದಿನ ಹತ್ತು ವರ್ಷದ ಮಗು ತಾನು ಸೋತೆನೆಂದು ಅಳುವುದನ್ನೂ ನೋಡಿದ್ದೇನೆ. ನನ್ನ ಮೊಮ್ಮಗಳೂ ಜನವರಿಯಲ್ಲಿ ಈ ಪರೀಕ್ಷೆಯನ್ನು ಬರೆದಳು. ಆಯ್ಕೆಯಾಗಲಿಲ್ಲ. ಎರಡು ದಿನ ಸಪ್ಪಗಿದ್ದು ಮೂರನೆಯ ದಿನ ಕುಂಟಲಿಪಿ ಆಡಲು ಹೋದಳು. ಅದರ ಭಾರವನ್ನು ಹೊತ್ತು ತಿರುಗಿದವರು ಹಿರಿಯರಾದ ನಾವೇ.

ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು ಇನ್ನೊಂದು ದಾರಿ. ಆರರಿಂದ ಹತ್ತರ ವರೆಗೆ, ಅಲ್ಲಿಯೂ ಪ್ರವೇಶ ಪರೀಕ್ಷೆಯಿದೆ. ಬಡ ಕುಟುಂಬಗಳಿಗೆ ಇವು ದೊಡ್ಡ ಆಸರೆ. ನಮ್ಮ ಸೊಸೆ ಮಗಳನ್ನು ಬಿಟ್ಟಿರಲಾರೆನೆಂದಳು. ಆ ಮಾತಿಗೆ ಯಾರೂ ಎದುರಾಡಲಿಲ್ಲ. ಊರ ಶಾಲೆಯಲ್ಲಿಯೇ ಮುಂದುವರಿಸಿ ಏಳು ಮುಗಿದ ಮೇಲೆ ನೋಡೋಣವೆಂಬುದು ನನ್ನ ಹೆಂಡತಿಯ ಮತ. ಹಾಗಾದರೆ ಎಂಟಕ್ಕೆ ಇದೇ ಗೋಳು ಇನ್ನೊಮ್ಮೆ ಎಂದು ಮಗ ಹೇಳಿದ.

ಉಳಿದವು ಎರಡು: ಹುಬ್ಬಳ್ಳಿಯ ಇಂಗ್ಲಿಷ್ ಶಾಲೆ ಮತ್ತು ನಮ್ಮ ಶಾಲೆ.

ಹುಬ್ಬಳ್ಳಿಯ ಶಾಲೆಗಳ ಹಳದಿ ವ್ಯಾನುಗಳು ಈಗ ನಮ್ಮ ಹಳ್ಳಿಗಳಿಗೂ ಬರುತ್ತವೆ. ಮುಂಜಾನೆ ಏಳು ಗಂಟೆಗೆ ಹತ್ತಿದ ಮಗು ಸಂಜೆ ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತದೆ. ಶುಲ್ಕ, ವ್ಯಾನಿನ ಬಾಡಿಗೆ, ಸಮವಸ್ತ್ರ, ಬೂಟು, ಪುಸ್ತಕ ಇವೆಲ್ಲ ಕೂಡಿದರೆ ಎಷ್ಟೆಂಬುದನ್ನು ಮಗ ಒಂದು ಹಾಳೆಯ ಮೇಲೆ ಬರೆದು ತೋರಿಸಿದ. ಒಣಬೇಸಾಯದವನ ಆದಾಯ ಬರುವುದು ವರ್ಷಕ್ಕೆ ಒಂದೋ ಎರಡೋ ಸಲ, ಶುಲ್ಕದ ಕಂತು ಬರುವುದು ಮೂರು ಸಲ. 2024ರ ಮಾರ್ಚಿನಲ್ಲಿ ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿಯ ದರ ಒಮ್ಮೆಲೆ ಕುಸಿದು ರೈತರು ರೊಚ್ಚಿಗೆದ್ದುದು ಪತ್ರಿಕೆಗಳಲ್ಲೆಲ್ಲ ಬಂತು. ಆ ವರ್ಷ ನಮ್ಮ ಭಾಗದಲ್ಲಿ ಎಷ್ಟು ಮನೆಗಳು ಶಾಲೆಯ ಶುಲ್ಕಕ್ಕಾಗಿ ಕೈಸಾಲ ಮಾಡಿದವೆಂಬುದನ್ನು ಮಾತ್ರ ಯಾವ ಪತ್ರಿಕೆಯೂ ಬರೆಯಲಿಲ್ಲ.

ಒಮ್ಮೆ ಶಿಕ್ಷಣ ಹಕ್ಕು ಕಾಯಿದೆಯಡಿ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಸ್ಥಾನಗಳು ಬಡಮಕ್ಕಳಿಗೆ ಚೀಟಿಯ ಮೂಲಕ ದೊರೆಯುತ್ತಿದ್ದವು. ನಮ್ಮ ರಾಜ್ಯದಲ್ಲಿ ಇದು 2012ರಲ್ಲಿ ಆರಂಭವಾಯಿತು. 2019ರಿಂದ, ಸರಕಾರಿ ಅಥವಾ ಅನುದಾನಿತ ಶಾಲೆ ನೆರೆಯಲ್ಲಿರುವ ಕಡೆ ಆ ಸೌಲಭ್ಯ ಇಲ್ಲದಾಯಿತು. ಅದೇನಿದ್ದರೂ ಒಂದನೆಯ ತರಗತಿಗೆ ಸೇರುವವರ ಮಾತು. ಕನ್ನಡ ಮಾಧ್ಯಮವನ್ನು ಕಡ್ಡಾಯಗೊಳಿಸಿದ 1994ರ ಆದೇಶವಂತೂ 2014ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ಮಾಧ್ಯಮದ ಆಯ್ಕೆ ಪಾಲಕರದೆಂದು ತೀರ್ಪಾಯಿತು. ಹೀಗಾಗಿ ನಿರ್ಣಯದ ಹೊರೆಯೆಲ್ಲ ನಮ್ಮ ಪಡಸಾಲೆಗೇ ಬಂದು ಬಿತ್ತು.

ಇದೇ ದಿನಗಳಲ್ಲಿ ನನ್ನ ತಂಗಿಯ ಮಗಳು ಅಮೆರಿಕೆಯಿಂದ ಫೋನು ಮಾಡಿದಳು. ಅವಳ ಮಗನೂ ಆರನೆಯ ತರಗತಿಗೆ. ಅವಳು ಇರುವ ನಗರದಲ್ಲಿ ಆರರಿಂದ ಎಂಟರ ವರೆಗಿನದು ಬೇರೆಯೇ ಶಾಲೆ. ನಗರದ ಸಾಮಾನ್ಯ ಶಾಲೆಯೋ, 'ಚಾರ್ಟರ್' ಶಾಲೆಯೋ ಎಂದು ಗಂಡಹೆಂಡಿರಿಬ್ಬರೂ ತಿಂಗಳುಗಟ್ಟಲೆ ಲೆಕ್ಕ ಹಾಕುತ್ತಿದ್ದಾರಂತೆ. ಚಾರ್ಟರ್ ಶಾಲೆಯೆಂದರೇನೆಂದು ಕೇಳಿದೆ. ಹಣ ಸರಕಾರದ್ದು, ಆಡಳಿತ ಸ್ವತಂತ್ರ ಮಂಡಳಿಯದು, ಶುಲ್ಕವಿಲ್ಲ, ಅರ್ಜಿಗಳು ಹೆಚ್ಚಾದರೆ ಚೀಟಿ ಎತ್ತುತ್ತಾರೆ. ಒಪ್ಪಂದದಂತೆ ಶಾಲೆ ನಡೆಯದಿದ್ದರೆ ಅವಧಿ ಮುಗಿದ ಮೇಲೆ ಪರವಾನಗಿಯನ್ನು ನವೀಕರಿಸದೆ ಮುಚ್ಚಿಸಲೂಬಹುದು ಎಂದಳು. ಮಿನೆಸೋಟ ಎಂಬ ರಾಜ್ಯದಲ್ಲಿ ಇದಕ್ಕೆ ಮೊದಲ ಕಾನೂನು ಆದದ್ದು 1991ರಲ್ಲಿ, ಮೊದಲ ಶಾಲೆ ತೆರೆದದ್ದು 1992ರಲ್ಲಿ. ನಾನು ಮಗನನ್ನು ಹುಬ್ಬಳ್ಳಿಗೆ ಕಳುಹಿಸಿದ ವರ್ಷವೇ ಅಲ್ಲಿ ಆ ಕಾನೂನು!

ನನಗೆ ನಗೆ ಬಂತು. "ಇದು ನಮ್ಮ ಮಠದ ಸಾಲಿ ಇದ್ದಂಗ ಐತಲ್ಲವಾ ತಂಗಿ" ಎಂದೆ. 1854ರ ವುಡ್ ಸಾಹೇಬರ ಶಿಕ್ಷಣ ನಿರೂಪದಲ್ಲಿಯೇ ಖಾಸಗಿಯವರು ನಡೆಸುವ ಶಾಲೆಗಳಿಗೆ ಸರಕಾರ ಸಹಾಯಧನ ಕೊಡಬೇಕೆಂಬ ವಿಚಾರ ಮೂಡಿತ್ತು. ಅದರ ನೆರಳಿನಲ್ಲಿ ನಮ್ಮ ಹಿರಿಯರು ಎಷ್ಟೊಂದು ಕಟ್ಟಿದರು! 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ, 1916ರಲ್ಲಿ ಬೆಳಗಾವಿಯಲ್ಲಿ ಶಿಕ್ಷಕರೇ ಕೂಡಿ ಕಟ್ಟಿದ ಕೆ.ಎಲ್.ಇ. ಸಂಸ್ಥೆ, ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ನಡೆಸಿದ ಪ್ರಸಾದ ನಿಲಯ. ರೈತರು ಕಣದಿಂದ ಜೋಳದ ಚೀಲ ಕೊಟ್ಟರು, ಮಠ ಜಾಗ ಕೊಟ್ಟಿತು, ಸರಕಾರ ಶಿಕ್ಷಕರ ಸಂಬಳ ಕೊಟ್ಟಿತು. ಹಳ್ಳಿಯ ಮಗು ಕಲಿಯಿತು. ನಾನೂ ಕಲಿತೆ.

ಇಷ್ಟನ್ನು ನಾನು ಹೆಮ್ಮೆಯಿಂದ ಮನೆಯವರ ಮುಂದೆ ವಿವರಿಸಿ, ಆದುದರಿಂದ ಮೊಮ್ಮಗಳನ್ನು ನಮ್ಮ ಶಾಲೆಗೇ ಹಾಕೋಣವೆಂದೆ. ಸೊಸೆ ಬಾಗಿಲ ಬಳಿ ಕುಳಿತು ಹೆಸರುಕಾಳನ್ನು ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು, "ಮಾವಾರ, ಒಂದು ಮಾತು ಕೇಳ್ತೇನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಇದನ್ನ ನೀವು ಮಾಸ್ತರಾಗಿ ಹೇಳಾಕತ್ತೀರೋ, ಅಜ್ಜ ಆಗಿ ಹೇಳಾಕತ್ತೀರೋ?" ಎಂದಳು.

ನಾನು ಉತ್ತರಿಸುವಷ್ಟರಲ್ಲಿ ಮಗ ಬಾಯಿ ಹಾಕಿದ. ಅವನು ಹೆಚ್ಚು ಮಾತಿನವನಲ್ಲ. "ಅಪ್ಪಾ, ನನ್ನ ಕಳಿಸುವಾಗ ನೀವು ಅಪ್ಪ ಆಗಿ ವಿಚಾರ ಮಾಡಿದ್ರಿ, ಮಾಸ್ತರಾಗಿ ಮಾಡಲಿಲ್ಲ. ನನಗ ಅದರಿಂದ ಲುಕ್ಸಾನ ಆತು ಅಂತ ಹೇಳೂದುಲ್ಲ. ಇಂಗ್ಲಿಷ್ ಬಂತು, ಧೈರ್ಯ ಬಂತು. ಆದರ ಆ ಮನಿಯಾಗ ಎರಡು ವರ್ಷ ರಾತ್ರಿ ಅತ್ತೇನಿ. ನಿಮಗ ಹೇಳಿರಲಿಲ್ಲ" ಎಂದ. ಮೂವತ್ತನಾಲ್ಕು ವರ್ಷಗಳ ಮೇಲೆ ನನಗೆ ಅದು ತಿಳಿಯಿತು. ನನ್ನ ಹೆಂಡತಿ ಎದ್ದು ಒಳಗೆ ಹೋದಳು.

ಅಂದು ರಾತ್ರಿ ನಾನು ಸೊಸೆಯ ಪ್ರಶ್ನೆಯನ್ನು ತಿರುಗಿಸಿ ನೋಡಿದೆ. ಮಾಸ್ತರನಾಗಿ ನನಗೆ ಬೇಕಾದುದು ಶಾಲೆಯ ಹಾಜರಿ ಪುಸ್ತಕದಲ್ಲಿ ಇನ್ನೊಂದು ಹೆಸರು. ಮಕ್ಕಳ ಸಂಖ್ಯೆ ಕುಗ್ಗಿದರೆ ಹುದ್ದೆಗಳೂ ಕುಗ್ಗುತ್ತವೆ, ಹುದ್ದೆ ಕುಗ್ಗಿದರೆ ಇನ್ನಷ್ಟು ಮಕ್ಕಳು ಬಿಡುತ್ತಾರೆ. ಅಜ್ಜನಾಗಿ ನನಗೆ ತಿಳಿದಿದ್ದ ಒಂದು ಸಂಗತಿಯನ್ನು ಮಾತ್ರ ಪಡಸಾಲೆಯಲ್ಲಿ ನಾನು ನುಂಗಿಕೊಂಡಿದ್ದೆ: ನಾನು ನಿವೃತ್ತನಾದ ಮೇಲೆ ಬಂದ ಗಣಿತ ಶಿಕ್ಷಕರೂ ನಿವೃತ್ತರಾಗಿ, ಹುದ್ದೆ ತೆರವಾಗಿಯೇ ಇತ್ತು. ಅನುದಾನಿತ ಶಾಲೆಯಲ್ಲಿ ತೆರವಾದ ಹುದ್ದೆಯನ್ನು ಆಡಳಿತ ಮಂಡಳಿ ತಾನಾಗಿ ತುಂಬುವಂತಿಲ್ಲ. ಸರಕಾರದ ಅನುಮತಿ ಬೇಕು. ಅಲ್ಲಿಯ ವರೆಗೆ ಮಂಡಳಿಯೇ ಅಲ್ಪ ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಳ್ಳಬೇಕು. ಒಬ್ಬ ತರುಣ ಬರುತ್ತಾನೆ, ಒಳ್ಳೆಯ ಕೆಲಸ ದೊರೆತೊಡನೆ ಹೋಗುತ್ತಾನೆ. 1995ರ ಈಚೆಗೆ ಆರಂಭವಾಗಿ ಅನುದಾನವನ್ನೇ ಕಾಣದ ಕನ್ನಡ ಶಾಲೆಗಳ ಪಾಡು ಇನ್ನೂ ಕಠಿಣ. ಅಮೆರಿಕೆಯ ಶಾಲೆ ಕೆಟ್ಟರೆ ಬಾಗಿಲು ಮುಚ್ಚುತ್ತದೆ. ನಮ್ಮಲ್ಲಿ ಬಾಗಿಲು ತೆರೆದೇ ಇರುತ್ತದೆ, ಒಳಗೆ ಗಣಿತದ ಮಾಸ್ತರನಿರುವುದಿಲ್ಲ.

ಈ ಸಂದರ್ಭದಲ್ಲಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ನಿಮ್ಮ ಔದಾರ್ಯದಿಂದ ಎದ್ದು ನಿಂತ ಕೊಠಡಿಗಳಲ್ಲಿ ನಾನು ಪಾಠ ಹೇಳಿದ್ದೇನೆ, ಗೋಡೆಯ ಮೇಲಿನ ಕಲ್ಲಿನಲ್ಲಿ ನಿಮ್ಮ ಹಿರಿಯರ ಹೆಸರುಗಳನ್ನು ದಿನಾಲು ಓದಿದ್ದೇನೆ. ಕೊಠಡಿಗೆ ಕೊಡುವವರು ದೊರೆಯುತ್ತಾರೆ, ಮಹಾದ್ವಾರಕ್ಕೂ ದೊರೆಯುತ್ತಾರೆ. ಅನುಮತಿ ಬರುವ ವರೆಗೆ ಒಬ್ಬ ಶಿಕ್ಷಕನಿಗೆ ಮರ್ಯಾದೆಯ ಸಂಬಳ ಕೊಡಲು ಯಾರೂ ಮುಂದೆ ಬರುವುದಿಲ್ಲ. ಶಿಕ್ಷಕನ ಬೆನ್ನಮೇಲೆ ಹೆಸರು ಕೆತ್ತಿಸಲು ಬರುವುದಿಲ್ಲವೆಂದೋ ಏನೋ. ಒರಟು ಮಾತಾಯಿತು, ವಯಸ್ಸಾದವನದೆಂದು ಕ್ಷಮಿಸಬೇಕು.

ಮರುದಿನ ಮುಂಜಾನೆ ಚಹ ಕುಡಿಯುವಾಗ ಹುದ್ದೆ ತೆರವಾಗಿರುವ ವಿಷಯವನ್ನು ಸೊಸೆಗೆ ಹೇಳಿದೆ. ಅವಳಿಗೆ ಅಚ್ಚರಿಯೇನೂ ಆಗಲಿಲ್ಲ. "ನನಗ ಗೊತ್ತೈತ್ರಿ. ನೀವು ಹೇಳ್ತೀರೇನು ನೋಡೂಣಂತ ಸುಮ್ಮನಿದ್ದೆ" ಎಂದಳು.

ಆಮೇಲೆ ಅವಳು ಮಾಡಿದ ಕೆಲಸವನ್ನು ನಾನು ಮೂವತ್ತಾರು ವರ್ಷಗಳಲ್ಲಿ ಎಷ್ಟು ಪಾಲಕರು ಮಾಡಿದ್ದನ್ನು ಕಂಡಿದ್ದೇನೆಂದು ಎಣಿಸಿದರೆ ಒಂದು ಕೈಯ ಬೆರಳುಗಳೂ ಹೆಚ್ಚಾದಾವು. ಮಗಳನ್ನು ಕರೆದುಕೊಂಡು ಎರಡೂ ಶಾಲೆಗಳಿಗೆ ತಾನೇ ಹೋದಳು. ಹುಬ್ಬಳ್ಳಿಯ ಶಾಲೆಯಲ್ಲಿ ಅವಳನ್ನು ತಂಪಾದ ಕೋಣೆಯಲ್ಲಿ ಕೂಡಿಸಿ ಬಣ್ಣದ ಪುಸ್ತಕವೊಂದನ್ನು ಕೊಟ್ಟರಂತೆ. ತರಗತಿಗಳನ್ನು ನೋಡಬಹುದೇ ಎಂದು ಕೇಳಿದಾಗ ರಜೆಯೆಂದರು. ಅದು ನ್ಯಾಯವೇ. ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಮೊದಲ ವರ್ಷ ಏನು ಸಹಾಯ ಮಾಡುತ್ತೀರಿ ಎಂಬ ಪ್ರಶ್ನೆಗೆ, ಹೊರಗೆ ಟ್ಯೂಷನ್ ಇಡಿರಿ ಎಂಬ ಉತ್ತರ ದೊರೆಯಿತು. ನಮ್ಮ ಶಾಲೆಯಲ್ಲಿ ಅವಳನ್ನು ಕಚೇರಿಯ ಹೊರಗಿನ ಬಾಕಿನ ಮೇಲೆ ಬಹಳ ಹೊತ್ತು ಕೂಡಿಸಿದರು. ಅಷ್ಟರಲ್ಲಿ ಅವಳು ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನೀರಿದೆಯೇ, ಬಾಗಿಲಿಗೆ ಚಿಲಕವಿದೆಯೇ ಎಂದು ನೋಡಿ ಬಂದಳು. ನೀರಿತ್ತು, ಎರಡು ಬಾಗಿಲುಗಳ ಪೈಕಿ ಒಂದಕ್ಕೆ ಚಿಲಕವಿರಲಿಲ್ಲ. ಮುಖ್ಯೋಪಾಧ್ಯಾಯರಿಗೆ ಅದನ್ನೇ ಮೊದಲು ಹೇಳಿದಳು. ಅವರು ಆಗಲೇ ಸಿಪಾಯಿಯನ್ನು ಕರೆದು ಹೇಳಿದುದು ಅವಳ ಮನಸ್ಸಿಗೆ ಬಂತು.

ಬಸ್ಸಿನ ವಿಚಾರವನ್ನೂ ಅವಳೇ ಎತ್ತಿದಳು. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾದುದು ಇಂತಹ ಲೆಕ್ಕಗಳನ್ನು ಎಷ್ಟು ಬದಲಿಸಿದೆಯೆಂಬುದನ್ನು ಪಟ್ಟಣದವರು ಊಹಿಸಲಾರರು. ಮೊದಲು ಮಗನಿಗೆ ಬಸ್ಸು, ಮಗಳಿಗೆ ಊರ ಶಾಲೆ ಎನ್ನುತ್ತಿದ್ದ ಮನೆಗಳಲ್ಲಿ ಈಗ ಮಗಳೂ ಚೀಲ ಹಾಕಿಕೊಂಡು ನಿಲ್ದಾಣದಲ್ಲಿ ನಿಂತಿರುತ್ತಾಳೆ.

ನಾಲ್ಕು ದಿನಗಳ ಮೇಲೆ ಗಂಡಹೆಂಡಿರು ತಮ್ಮ ನಿರ್ಣಯವನ್ನು ತಿಳಿಸಿದರು. ಮಗುವನ್ನು ನಮ್ಮ ಶಾಲೆಗೆ ಹಾಕುವುದು. ಏಳನೆಯ ತರಗತಿ ಮುಗಿಯುವಾಗ ಇನ್ನೊಮ್ಮೆ ನೋಡುವುದು. ಇಂಗ್ಲಿಷಿನ ಹೊಣೆ ಮಗನದು, ರಾತ್ರಿ ಊಟಕ್ಕೆ ಮೊದಲು ಅರ್ಧ ತಾಸು. ಸೊಸೆ ನನ್ನ ಕಡೆಗೆ ತಿರುಗಿ, "ಗಣಿತ ನಿಮ್ಮದ್ರಿ ಮಾವಾರ. ಮನಿಯಾಗ ನಮ್ಮ ಹುಡುಗಿಗಷ್ಟ ಬ್ಯಾಡ. ಸಾಲಿಗೆ ಹೋಗಿ ಎಲ್ಲಾರಿಗೂ ಕಲಸ್ರಿ, ಮಾಸ್ತರ ಬರೂಮಟ" ಎಂದಳು.

ಎಪ್ಪತ್ತಮೂರು ವರ್ಷದವನಿಗೆ ಇದು ಸಲೀಸಾದ ಕೆಲಸವಲ್ಲ. ಮೊಣಕಾಲು ನೋಯುತ್ತವೆ, ಕಪ್ಪು ಹಲಗೆಯ ಮುಂದೆ ನಲವತ್ತು ನಿಮಿಷ ನಿಲ್ಲಲಾಗುವುದಿಲ್ಲ. ಆಡಳಿತ ಮಂಡಳಿಯವರು ಒಪ್ಪಿದರು. ಸಂಬಳ ಬೇಡವೆಂದೆ. ಜೂನಿನಿಂದ ವಾರದಲ್ಲಿ ಮೂರು ದಿನ ಮೊಮ್ಮಗಳೊಡನೆ ಬಸ್ಸು ಹತ್ತುತ್ತಿದ್ದೇನೆ. ಅವಳಿಗೆ ನಿರ್ವಾಹಕರು ಶೂನ್ಯದ ಚೀಟಿ ಕೊಡುತ್ತಾರೆ. ನನಗೆ ಹಿರಿಯ ನಾಗರಿಕನ ರಿಯಾಯಿತಿ ಕಳೆದು ಉಳಿದ ಹಣ ಬೀಳುತ್ತದೆ. "ಅಜ್ಜಾ, ನಿನಗ ರೊಕ್ಕ, ನನಗ ಫುಕಟ" ಎಂದು ಅವಳು ದಿನವೂ ನಗುತ್ತಾಳೆ. ಶೇಕಡಾ ಇಪ್ಪತ್ತೈದು ರಿಯಾಯಿತಿಯೆಂದರೆ ಎಷ್ಟೆಂಬುದನ್ನು ಈ ಚೀಟಿಯ ಮೇಲೆಯೇ ಅವಳಿಗೆ ಕಲಿಸಿದೆ.

ಆ ರೈತರ ಮನೆಗೂ ಹೋಗಿ ಬಂದೆ. ಮೊಮ್ಮಗಳನ್ನು ನಮ್ಮ ಶಾಲೆಗೇ ಹಾಕಿದೆವೆಂದು ಹೇಳಿದೆ. ಆತ ಸಂತೋಷಪಟ್ಟರು, ಆದರೆ ಆ ವೇಳೆಗೆ ತಮ್ಮ ಮಗನಿಗಾಗಿ ಹುಬ್ಬಳ್ಳಿಯ ಶಾಲೆಯಲ್ಲಿ ಮೊದಲ ಕಂತನ್ನು ತುಂಬಿದ್ದರು. "ಒಂದು ತಿಂಗಳ ಮೊದಲ ಹೇಳಿದ್ದರ ಆಗತಿತ್ತಲ್ರಿ ಸರ" ಎಂದರು. ಅವರ ಕಿರಿಯ ಮಗಳು ಈಗ ಮೂರನೆಯ ತರಗತಿಯಲ್ಲಿದ್ದಾಳೆ.

ಆರನೆಯ ತರಗತಿಯಲ್ಲಿ ಈಗ ಭಿನ್ನರಾಶಿಗಳು ನಡೆದಿವೆ. ಛೇದ ಬೇರೆಬೇರೆಯಾದ ಭಿನ್ನರಾಶಿಗಳನ್ನು ಕೂಡಿಸುವಲ್ಲಿ ನನ್ನ ಮೊಮ್ಮಗಳೂ ಸೇರಿ ಅರ್ಧ ತರಗತಿ ತಪ್ಪುತ್ತದೆ. ರೊಟ್ಟಿ ಮುರಿದು ತೋರಿಸಿದರೂ ತಪ್ಪುತ್ತದೆ. ಹುದ್ದೆಯನ್ನು ತುಂಬಲು ಅನುಮತಿ ಕೋರಿ ಮಂಡಳಿಯವರು ಕಳುಹಿಸಿದ ಕಾಗದಕ್ಕೆ ಇದನ್ನು ಬರೆಯುವ ಹೊತ್ತಿಗೆ ಉತ್ತರ ಬಂದಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ನೋಡಲು ತಾನೇ ಶಾಲೆಗೆ ಬರುವುದಾಗಿ ಸೊಸೆ ಹೇಳಿದ್ದಾಳೆ.